ಒಡೆಯನಿಲ್ಲದ ಬಣ್ಣ

ಹೊಲಕ್ಕೆ ಒಡೆಯನುಂಟು, ಹಿತ್ತಿಲಿಗೆ ಒಡೆಯನುಂಟು, ಹಿತ್ತಿಲ ಬೇಲಿಯನ್ನು ದಾಟಿ ಆಚೆಗೆ ಬಾಗಿದ ನುಗ್ಗೆಯ ಕೊಂಬೆಗಂತೂ ಇಬ್ಬರು ಒಡೆಯರುಂಟು ಎಂಬ ಲೋಕವ್ಯವಹಾರವನ್ನು ಬಾಲ್ಯದಲ್ಲಿಯೇ ಅರಿತುಕೊಂಡಿದ್ದ ನನಗೆ, ಮಸಿಯ ಬಣ್ಣಗಳನ್ನೂ ಜನ ಇದೇ ರೀತಿಯಲ್ಲಿ ಹಂಚಿಕೊಂಡು ಖಾತೆ ಮಾಡಿಸಿಕೊಂಡಿರುವರೆಂಬ ತಿಳಿವಳಿಕೆ ಮೂಡಿದ್ದು, ತಲೆಗೂದಲು ತನ್ನ ಬಣ್ಣವನ್ನು ತಾನೇ ಬದಲಾಯಿಸಿಕೊಳ್ಳಲು ತೊಡಗಿದ ಮೇಲೆ. ಕೆಂಪು ಉಪಾಧ್ಯಾಯರ ಸ್ವತ್ತು. ಉತ್ತರಪತ್ರಿಕೆಯಲ್ಲಿ ಹುಡುಗನೊಬ್ಬನು ಕೆಂಪು ಮಸಿಯಿಂದ ಒಂದು ಗೆರೆಯನ್ನೆಳೆದರೂ, ಆತ ತನಗೆ ತಾನೇ ಅಂಕ ಕೊಟ್ಟುಕೊಳ್ಳಲು ಹೊರಟಿರುವನೆಂದು ಪರೀಕ್ಷಕರಿಗೆ ಗುಮಾನಿ ಹುಟ್ಟುತ್ತದೆ. ಹಸುರು ಹಿರಿಯ ಅಧಿಕಾರಿಗಳದು. ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿಯು ಜಂಟಿ ಕಾರ್ಯದರ್ಶಿಗಳೂ ಅವರಿಗಿಂತ ಮೇಲಿನವರೂ ಮಾತ್ರ, ಅದೂ ಅಪರೂಪದ ಸಂದರ್ಭಗಳಲ್ಲಿ, ಹಸುರು ಅಥವಾ ಕೆಂಪು ಮಸಿಯನ್ನು ಬಳಸಬಹುದೆಂದು ವಿಧಿಸಿ, ಉಳಿದ ನೌಕರವರ್ಗವನ್ನು ನೀಲಿ ಕಪ್ಪುಗಳ ಪಾಲಿಗೆ ಬಿಟ್ಟಿದೆ. ಇಂಗ್ಲೆಂಡಿನ ಗೂಢಚಾರ ಇಲಾಖೆಯ ಮೊದಲ ಮುಖ್ಯಸ್ಥನಾಗಿ 1909ರಲ್ಲಿ ಅಧಿಕಾರ ವಹಿಸಿಕೊಂಡ ಮ್ಯಾನ್ಸ್‌ಫೀಲ್ಡ್ ಕಮಿಂಗನು ಹಸುರು ಮಸಿಯಲ್ಲಿ ರುಜು ಹಾಕುತ್ತಿದ್ದನೆಂದೂ, ಅವನ ಪೀಠವನ್ನೇರಿದವರು ಆ ಸಂಪ್ರದಾಯವನ್ನು ಬಿಡದೆ ನಡೆಸಿಕೊಂಡು ಬಂದಿರುವರೆಂದೂ ಪ್ರಸಿದ್ಧಿಯಿದೆ; ಯಾರ ಕಣ್ಣಿಗೂ ಬೀಳಬಾರದ ವೃತ್ತಿಯನ್ನು ಹಿಡಿದವರು ಹತ್ತು ಮಾರು ದೂರಕ್ಕೆ ಕಾಣುವ ಬಣ್ಣದಲ್ಲಿ ಹೆಸರು ಬರೆಯುವುದರಲ್ಲಿ ಯಾವ ರಾಜನೀತಿಯಿದೆಯೋ, ಚಾಣಕ್ಯನೇ ಹೇಳಬೇಕು.

ಇನ್ನು ನೀಲಿಗಪ್ಪು, ಅದು ಗುಮಾಸ್ತರದು, ನೋಂದಣಿಯವರದು. ಓಕ್ ಮರದ ಮೇಲೆ ಕೀಟದ ಕಾಟದಿಂದ ಏಳುವ ಗಂಟುಗಳ ಒಗರನ್ನು ಅನ್ನಭೇದಿಯೊಡನೆ ಬೆರೆಸಿ ಮಾಡುವ ಹಳೆಯ ಪಾಕದ ಈ ಮಸಿ, ಬರೆಯುವಾಗ ಪೇಲವವಾಗಿದ್ದು, ಗಾಳಿ ತಾಗಿದಂತೆಲ್ಲ ಕಪ್ಪೇರಿ, ಕಾಗದದ ನಾರುನಾರನ್ನೂ ಹಿಡಿದುಕೊಂಡು, ನೀರಿಗೂ ಜಗ್ಗದೆ ಕುಳಿತುಬಿಡುತ್ತದೆ. ಬರೆದೊಡನೆ ಅಕ್ಷರ ಕಾಣಿಸಲೆಂದು ಅದಕ್ಕೆ ನೀಲಿಯನ್ನು ಸೇರಿಸುತ್ತಾರೆ. ಇಂಗ್ಲೆಂಡಿನ ನೋಂದಣಾಧಿಕಾರಿಗಳು ಜನನ, ವಿವಾಹ, ಮರಣಗಳನ್ನು ದಾಖಲು ಮಾಡುವುದಕ್ಕೆ ಈ ಮಸಿಯನ್ನೇ ನೆಚ್ಚಿಕೊಂಡಿದ್ದರಂತೆ. ಅಂಥ ಮಹಾಪ್ರಸಂಗಗಳಿಗೆ ಶಾಶ್ವತಿ ಒಪ್ಪುವುದೇ ಸರಿ. ಆದರೆ ಅಗಸನಿಗೆ ಹಾಕಿದ ಬಟ್ಟೆಗಳ ಪಟ್ಟಿಯೂ ಆಚಂದ್ರಾರ್ಕವಾಗಿ ನಿಲ್ಲಬೇಕೆಂಬ ಹಂಬಲ ನನಗೆ ಎಂದೂ ಇದ್ದುದಿಲ್ಲ. ಉಪಾಧ್ಯಾಯನಲ್ಲದ, ಅಧಿಕಾರಿಯಲ್ಲದ, ಗೂಢಚಾರನಂತೂ ಅಲ್ಲವೇ ಅಲ್ಲದ (ಮನೆಯಲ್ಲಿ ನಾನು ಬಚ್ಚಿಟ್ಟ ಒಂದು ಗುಟ್ಟಾದರೂ ಸಂಜೆಯವರೆಗೆ ಬದುಕಿದ ನಿದರ್ಶನವಿಲ್ಲ) ನಾನು, ಯಾರ ಖಾತೆಗೂ ಸೇರದ ಬಣ್ಣವೊಂದು ಉಳಿದಿದೆಯೇ ಎಂದು ಅರಸುತ್ತ ಅರಸುತ್ತ ನೇರಳೆಯ ಬಳಿಗೆ ಬಂದು ನಿಂತೆ. ನೇರಳೆಯೆಂದರೆ ಬದನೆಯ ಹೂವಿನ ಬಡ ನೇರಳೆಯಲ್ಲ. ಆಷಾಢದ ಮಳೆಗೆ ಮರದಿಂದುದುರಿ ಬಿರಿದ ಹಣ್ಣಿನ, ಒಳಗಿನಿಂದ ಕೆಂಪು ಇಣುಕುವ, ಮೈತುಂಬಿದ ನೇರಳೆ.

ಒಂದಾನೊಂದು ಕಾಲದಲ್ಲಿ ಈ ಬಣ್ಣಕ್ಕೂ ಒಡೆಯನಿದ್ದ, ಅವನು ಸಾಮಾನ್ಯನಾಗಿರಲಿಲ್ಲ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಲಿಯೋ 470ನೆಯ ಇಸವಿಯಲ್ಲಿ ಹೊರಡಿಸಿದ ಶಾಸನದ ಪ್ರಕಾರ, ಸಮುದ್ರದ ಮ್ಯೂರೆಕ್ಸ್ ಎಂಬ ಶಂಖಜಾತಿಯ ಹುಳುವಿನಿಂದ ತೆಗೆದ ಕೆನ್ನೇರಳೆಯ ಮಸಿಯಲ್ಲಿ ರುಜು ಹಾಕತಕ್ಕವನು ಸಾರ್ವಭೌಮನೊಬ್ಬನೇ. ಅದನ್ನು ಮತ್ತೊಬ್ಬನು ಬಳಸುವುದು ಹಾಗಿರಲಿ, ಸಂಪಾದಿಸಲು ಯತ್ನಿಸಿದರೂ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು, ಆನಂತರ ತಲೆಯನ್ನೂ ತೆಗೆಯತಕ್ಕದ್ದು. ಅಂಥ ಬಣ್ಣವನ್ನು ಸಿಂಹಾಸನದಿಂದ ಇಳಿಸಿ ಬೀದಿಗೆ ತಂದವನು ದಂಡನಾಯಕನಲ್ಲ, ಲಂಡನ್ನಿನ ಹದಿನೆಂಟು ವರ್ಷದ ಒಬ್ಬ ಹುಡುಗ. ವಿಲಿಯಂ ಹೆನ್ರಿ ಪರ್ಕಿನ್ ಎಂಬ ಆ ವಿದ್ಯಾರ್ಥಿಯು 1856ರ ಈಸ್ಟರ್ ರಜೆಯಲ್ಲಿ, ಮಲೇರಿಯಾಕ್ಕೆ ಮದ್ದಾದ ಕ್ವಿನೀನನ್ನು ಕಲ್ಲಿದ್ದಲ ಡಾಂಬರಿನ ಮೂಲದಿಂದ ತಯಾರಿಸಬೇಕೆಂದು ಮನೆಯ ಪ್ರಯೋಗಶಾಲೆಯಲ್ಲಿ ಹೆಣಗುತ್ತಿರಲಾಗಿ, ಕ್ವಿನೀನಿಗೆ ಬದಲು ಕರಿಯ ಗಷ್ಟೊಂದು ಸೀಸೆಯ ತಳದಲ್ಲಿ ಉಳಿಯಿತು. ಅದನ್ನು ಮದ್ಯಸಾರ ಹಾಕಿ ತೊಳೆಯಹೋದರೆ ಸೀಸೆಯ ತುಂಬ ನೇರಳೆಯೋ ನೇರಳೆ. ಚಳಿಜ್ವರದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ, ನಿಜ. ಆದರೆ ಚಕ್ರವರ್ತಿಯಲ್ಲದವನೂ ಕುತ್ತಿಗೆಯನ್ನು ಉಳಿಸಿಕೊಂಡು ನೇರಳೆಯನ್ನು ಮುಟ್ಟಬಹುದಾದ ಯುಗ ಅಲ್ಲಿಂದೀಚೆಗೆ ಪ್ರಾರಂಭವಾಯಿತು.

ಚಕ್ರವರ್ತಿಗೆ ಶಂಖದ ಹುಳುವಿದ್ದಂತೆ ನಮ್ಮ ಹಳ್ಳಿಯ ಹುಡುಗರಿಗೆ ಬಸಳೆಯಿತ್ತು. ಚಪ್ಪರಕ್ಕೆ ಹಬ್ಬಿದ ಬಸಳೆಯ ಬಳ್ಳಿಯಲ್ಲಿ ಮೆಣಸಿಗಿಂತ ತುಸು ದಪ್ಪವಾಗಿ ಗೊಂಚಲುಗೊಂಚಲಾಗಿ ತೂಗುವ ಹಣ್ಣನ್ನು ಹಿಸುಕಿ, ಬಟ್ಟೆಯಲ್ಲಿ ಸೋಸಿ, ಖಾಲಿಯಾದ ಔಷಧದ ಸೀಸೆಗೆ ತುಂಬಿದರೆ ಅದೇ ನಮ್ಮ ಮಸಿ. ಬರೆದ ದಿನ ಅದರ ವೈಭವವನ್ನು ಕಂಡು ಕಾನ್‌ಸ್ಟಾಂಟಿನೋಪಲೇ ನಾಚಬೇಕು. ದಿನ ಕಳೆದಂತೆ ಅದು ಕಂದಿ, ಕಾಫಿ ಚೆಲ್ಲಿದ ಕಲೆಯ ಮಟ್ಟಕ್ಕಿಳಿದು, ಕೊನೆಗೆ ಮಗ್ಗಿ ಬರೆದದ್ದಕ್ಕೆ ಪುರಾವೆಯೇ ಇಲ್ಲದಂತಾಗಿ, ಮೇಷ್ಟರ ಬೆತ್ತಕ್ಕೆ ಕೆಲಸ ದೊರೆಯುತ್ತಿತ್ತು.

ಈ ಪೂರ್ವಸಂಸ್ಕಾರದಿಂದ ಪ್ರೇರಿತನಾಗಿ ನಾನು ಅವೆನ್ಯೂ ರಸ್ತೆಯ ಒಂದು ಹಳೆಯ ಅಂಗಡಿಯನ್ನು ಹೊಕ್ಕು ನೇರಳೆ ಇಂಕನ್ನು ಕೇಳಿದಾಗ, ಗಲ್ಲಾಪೆಟ್ಟಿಗೆಯ ಹಿಂದಿದ್ದ ವೃದ್ಧರು ಕನ್ನಡಕವನ್ನು ಹಣೆಗೇರಿಸಿ, "ಸ್ಟ್ಯಾಂಪ್ ಪ್ಯಾಡಿಗೆ ತಾನೆ ಸ್ವಾಮಿ?" ಎಂದರು. ಬರೆಯುವುದಕ್ಕೆ ಎಂದೆ. "ಬರೆಯೋದಕ್ಕೆ ನೀಲಿ ಇದೆಯಲ್ಲ!" ಎಂದು ಅವರು ನುಡಿದ ಧ್ವನಿಯಲ್ಲಿ, ಕುಡಿಯುವುದಕ್ಕೆ ನೀರಿರುವಾಗ ಮತ್ತೇನನ್ನೋ ಬೇಡಿದವನ ಬಗೆಗೆ ಸಜ್ಜನರಿಗಿರುವ ಮರುಕವಿತ್ತು. ಅವರು ನೀಲಿಯ ಪಕ್ಷದವರು. ಸ್ವದೇಶಿಯ ಕಾಲದಲ್ಲಿ, 1934ರಲ್ಲಿ, ಬಂಗಾಳದ ರಾಜಶಾಹಿ ಎಂಬ ಊರಿನ ಮೈತ್ರ ಸೋದರರು ಗಾಂಧೀಜಿಯ ಕರೆಗೆ ಓಗೊಟ್ಟು ಆರಂಭಿಸಿದ ಸುಲೇಖಾ ಮಸಿಯ ಕಥೆಯನ್ನು ನನಗೆ ಸವಿಸ್ತಾರವಾಗಿ ಹೇಳಿ, ಕಲ್ಕತ್ತೆಯ ಜಾಧವಪುರದಲ್ಲಿ ಆ ಕಾರ್ಖಾನೆಯ ಹೆಸರನ್ನೇ ಹೊತ್ತ ಒಂದು ಕೂಡುರಸ್ತೆ ಇರುವುದನ್ನೂ ತಿಳಿಸಿದರು. ನಮ್ಮ ಊರುಗಳಲ್ಲಿ ವೃತ್ತಗಳಿಗೆ ಹೆಸರಾಗಬೇಕಾದರೆ ಮನುಷ್ಯನು ಕನಿಷ್ಠಪಕ್ಷ ಶಾಸಕನಾಗಿರಬೇಕಾದ ಈ ದಿನಗಳಲ್ಲಿ ಒಂದು ಮಸಿಗೆ ಅಂಥ ಭಾಗ್ಯ ಒದಗಿರುವುದು ನನಗೆ ಬಹಳ ಹಿತವೆನಿಸಿತು. ಆದರೂ ನಾನು ಪಟ್ಟು ಸಡಿಲಿಸಲಿಲ್ಲ. ಕಡೆಗೆ ಅವರು ಹಿಂದಿನ ಕಪಾಟಿನಿಂದ ಜಪಾನಿನ ಪೈಲಟ್ ಕಂಪನಿಯವರ ಒಂದು ದಪ್ಪಗಾಜಿನ ಸೀಸೆಯನ್ನು ತೆಗೆದು, ಧೂಳೊರಸಿ, ಬೆಳಕಿಗೆ ಹಿಡಿದರು. ಹೆಸರು ಯಮಾಬುದೋ, ಎಂದರೆ ಕಾಡುದ್ರಾಕ್ಷಿ. 2007ರಿಂದೀಚೆಗೆ ಆ ಕಂಪನಿಯವರು ಬೆಳುದಿಂಗಳು, ಬಿದಿರಿನ ಇದ್ದಲು, ಕೆಂಪಾದ ಹೇಮಂತದ ಎಲೆ ಮುಂತಾದವುಗಳ ಹೆಸರಿನಿಂದ ಹೊರತರುತ್ತಿರುವ ಮಾಲಿಕೆಯಲ್ಲಿ ಇದೂ ಒಂದು. ಬೆಲೆಯನ್ನು ಕೇಳಿ ನನ್ನ ಮುಖಕ್ಕೂ ಒಂದು ಬಣ್ಣ ಬಂದಿತು. ಅದು ಮಾಲಿಕೆಯಲ್ಲಿ ಇದ್ದಂತಿಲ್ಲ.

ಕೊಂಡುತಂದ ಮೇಲೆ ಬಳಸುವ ವಿದ್ಯೆ. ಬಣ್ಣ ಗಾಢವಾದಷ್ಟೂ ಅದನ್ನು ತೋರಿಸಿಕೊಳ್ಳುವುದಕ್ಕೆ ಅಗಲವಾದ ನಿಬ್ಬು ಬೇಕು. ನಿಬ್ಬು ಅಗಲವಾದಷ್ಟೂ ಕನ್ನಡಕ್ಕೆ ಕಷ್ಟ. ರೋಮನ್ ಲಿಪಿಯವನಿಗೆ ಈ ಸಂಕಟ ತಿಳಿಯದು. ನಮ್ಮ ಅಕ್ಷರಗಳಾದರೋ ಗುಂಡಗೆ ಸುತ್ತಿ, ತಲೆಕಟ್ಟು ಕಟ್ಟಿ, ಕೊಂಬು ಚಾಚಿ, ಸಾಲದ್ದಕ್ಕೆ ಕಾಲಬುಡದಲ್ಲಿ ಒತ್ತುಗಳನ್ನು ಕೂರಿಸಿಕೊಂಡು ಬರುವಂಥವು. ಅಗಲ ನಿಬ್ಬಿನಲ್ಲಿ 'ಈ' ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. 'ಝ' ಬರೆದರೆ ಜೇಡ ಸತ್ತುಬಿದ್ದಂತಿರುತ್ತದೆ. 'ಶಾಸ್ತ್ರ' ಎಂದು ಬರೆಯುವಲ್ಲಿ ಒತ್ತಿನ ಮೇಲೊತ್ತು ಬಂದು, ಮಸಿ ಮಡುಗಟ್ಟಿ, ಶಾಸ್ತ್ರವು ಎಂದಿನಂತೆ ಅರ್ಥವಾಗದೆ ಉಳಿಯುತ್ತದೆ. ಆದಕಾರಣ ನಾನು ಕ್ರಮೇಣ ಒತ್ತಕ್ಷರಗಳನ್ನು ಬಿಟ್ಟು, ಒಲವು, ಬಾಳೆ, ಎಳನೀರು, ಮೊದಲಾದ ಬಿಡಿಯಕ್ಷರದ ಮಾತುಗಳನ್ನು ಹುಡುಕಿ ಬರೆಯತೊಡಗಿದೆ. ಸಂಸ್ಕೃತದ ಭಾರವನ್ನು ಕಳೆದು ಅಚ್ಚಗನ್ನಡಕ್ಕೆ ಹೊರಳಿರುವೆನೆಂದು ನನ್ನ ಶೈಲಿಯನ್ನು ಗೆಳೆಯರೊಬ್ಬರು ಮೆಚ್ಚಿ ಮಾತನಾಡಿದರು. ಅದರ ಕೀರ್ತಿ ಸಲ್ಲಬೇಕಾದುದು ನಿಬ್ಬಿಗೆ ಎಂದು ಅವರಿಗೆ ನಾನು ಹೇಳಲಿಲ್ಲ.

ಬರೆದದ್ದು ಒಣಗುವ ಹೊತ್ತಿನಲ್ಲಿ ಒಂದು ಸೊಗಸು ನಡೆಯುತ್ತದೆ. ಇಂಥ ಮಸಿಗಳಲ್ಲಿ ಬಣ್ಣವನ್ನು ಎಷ್ಟು ಗಾಢವಾಗಿ ಕರಗಿಸಿರುತ್ತಾರೆಂದರೆ, ಒಳ್ಳೆಯ ನುಣುಪು ಕಾಗದವು ಅಷ್ಟನ್ನೂ ಹೀರಿಕೊಳ್ಳಲಾರದೆ ಮಿಕ್ಕದ್ದನ್ನು ಮೇಲೆಯೇ ತೆಳ್ಳನೆಯ ಪೊರೆಯಾಗಿ ಉಳಿಸಿಕೊಳ್ಳುತ್ತದೆ. ದೀರ್ಘದ ಕೊನೆಯಲ್ಲಿಯೋ ಕೊಂಬಿನ ತಿರುವಿನಲ್ಲಿಯೋ ಮಸಿ ನಿಂತ ಎಡೆಯಲ್ಲಿ ಆ ಪೊರೆ, ಹುಡುಗರು ಬೆಂಕಿಪೊಟ್ಟಣದಲ್ಲಿ ಸಾಕುವ ಜೀರ್ಜಿಂಬೆಯ ರೆಕ್ಕೆಯ ಹಾಗೆ, ಓರೆಯಾಗಿ ಹಿಡಿದರೆ ಹೊಂಬಣ್ಣದ ಹಸುರಿನಿಂದ ಮಿರುಗುತ್ತದೆ. ಒಂದು ವಾಕ್ಯವನ್ನು ಬರೆದು, ಅದನ್ನು ಕಿಟಕಿಯ ಬೆಳಕಿಗೆ ಎತ್ತಿ, ಹಾಗೆ ಹೀಗೆ ಓಲಾಡಿಸಿ ನೋಡಿ, ಮತ್ತೊಂದು ವಾಕ್ಯಕ್ಕೆ ಕೈಹಚ್ಚುವಷ್ಟರಲ್ಲಿ ಹೇಳಬೇಕಾಗಿದ್ದುದೇನೆಂಬುದು ಮರೆತುಹೋಗಿರುತ್ತದೆಂಬುದೊಂದನ್ನು ಬಿಟ್ಟರೆ ಇದರಲ್ಲಿ ದೋಷವಿಲ್ಲ. ದಿನಸಿ ಅಂಗಡಿಯ ಚೀಟಿಯಂಥ ಅಗ್ಗದ ಕಾಗದದಲ್ಲಿ ಮಾತ್ರ ಈ ವೈಭವಕ್ಕೆ ಎಡೆಯಿಲ್ಲ. ಅಲ್ಲಿ ಅಕ್ಷರಗಳಿಗೆ ಬೇರು ಮೂಡಿ ನಾಲ್ಕು ದಿಕ್ಕಿಗೂ ಹರಡುತ್ತವೆ. ವಾರಗಟ್ಟಲೆ ಬರೆಯದೆ ಬಿಟ್ಟರೆ ನೀರು ಆರಿ, ಬಣ್ಣ ನಿಬ್ಬಿನ ಅಡಿಯ ನಾಲಗೆಯಲ್ಲಿ ಗರಣೆಗಟ್ಟಿ, ಪೆನ್ನು ಮೌನವ್ರತ ಹಿಡಿಯುತ್ತದೆ; ಆಗ ಅದನ್ನು ಬಿಡಿಸಿ ತಣ್ಣೀರಿನಲ್ಲಿ ನೆನೆಹಾಕಬೇಕು. ಆ ನೀರನ್ನು ಮನೆಯ ಯಾವ ಪಾತ್ರೆಯಲ್ಲಿ ತೆಗೆದುಕೊಳ್ಳತಕ್ಕದ್ದೆಂಬ ವಿಷಯದಲ್ಲಿ ನನಗೂ ನನ್ನ ಪತ್ನಿಗೂ ಇನ್ನೂ ಒಡಂಬಡಿಕೆಯಾಗಿಲ್ಲ.

ಬಂಧುಗಳು ಈ ಬಣ್ಣವನ್ನು ಬರಮಾಡಿಕೊಂಡ ರೀತಿ ಬಗೆಬಗೆಯಾಗಿತ್ತು. ಯೋಗಕ್ಷೇಮವನ್ನು ವಿಚಾರಿಸಿ ನಾನು ಬರೆದ ಕಾಗದವನ್ನು ನಮ್ಮ ಸೋದರತ್ತೆ ಕನ್ನಡಕ ಕೈಗೆ ಸಿಕ್ಕದ ಕಾರಣ ದೂರದಿಂದಲೇ ನೋಡಿ, ಕುಂಕುಮವೆಂದು ಬಗೆದು, "ಯಾರ ಮದುವೆಯಪ್ಪಾ? ಹುಡುಗಿ ಯಾವ ಕಡೆಯವಳು?" ಎಂದು ಫೋನು ಮಾಡಿದರು. ಯಾರ ಮದುವೆಯೂ ಇಲ್ಲ ಅತ್ತೆ, ನಿಮ್ಮ ಮಂಡಿನೋವು ಹೇಗಿದೆಯೆಂದು ಕೇಳಿದ್ದೇನೆ ಎಂದಾಗ ಅವರಿಗಾದ ನಿರಾಶೆಯನ್ನು ವರ್ಣಿಸಲಾರೆ. ಮಂಡಿನೋವೂ ಆ ಕ್ಷಣದಿಂದ ಹೆಚ್ಚಾದಂತೆ ತೋರಿತು. ಬ್ಯಾಂಕೊಂದರಲ್ಲಿ ನನ್ನ ಚೆಕ್ಕನ್ನು ಕೈಯಲ್ಲಿ ಹಿಡಿದ ತರುಣನು ಅದನ್ನು ಎರಡು ಬೆರಳುಗಳ ನಡುವೆ ಎತ್ತಿ ಹಿರಿಯರ ಮೇಜಿಗೆ ಒಯ್ದು, ಅವರು ಅದನ್ನು ಮತ್ತೊಬ್ಬರಿಗೆ ತೋರಿಸಿ, ಕೊನೆಗೆ ನೀಲಿಯಲ್ಲಿ ಇನ್ನೊಂದನ್ನು ಬರೆದುಕೊಡಬೇಕೆಂದು ವಿನಯದಿಂದ ಕೋರಿದರು. ಯಾವ ನಿಯಮದ ಪ್ರಕಾರ ಎಂದು ಕೇಳಿದ್ದಕ್ಕೆ, "ನಿಯಮ ಅಂತ ಅಲ್ಲ ಸಾರ್, ಯಾರೂ ಹೀಗೆ ಬರೆಯೋದಿಲ್ಲ" ಎಂಬ ಉತ್ತರ ಬಂದಿತು. ನಮ್ಮ ದೇಶದಲ್ಲಿ ನಿಯಮವನ್ನು ಮೀರಿ ನಡೆಯುವ ದಾರಿಗಳು ಎಷ್ಟೋ ಇವೆ. ಯಾರೂ ಹಾಗೆ ಮಾಡುವುದಿಲ್ಲವೆಂಬುದನ್ನು ಮೀರುವ ದಾರಿ ಇನ್ನೂ ಸಿದ್ಧವಾಗಿಲ್ಲ.

ಇಷ್ಟಾದರೂ ನೇರಳೆಗೆ ಒಡೆಯನಿಲ್ಲ, ಇರುವುದು ಬರಿಯ ವಿರೋಧಿಗಳು ಎಂದೇ ನಾನು ನಂಬಿಕೊಂಡಿದ್ದೆ, ಕಳೆದ ಚುನಾವಣೆಯವರೆಗೆ. ಆ ಬೆಳಿಗ್ಗೆ ಪೆನ್ನಿಗೆ ಮಸಿ ತುಂಬಿ, ನಿಬ್ಬನ್ನು ಎಡಗೈಯಿಂದ ಒರಸಿ, ಹಾಗೆಯೇ ಮತಗಟ್ಟೆಗೆ ಹೋಗಿ ಸಾಲಿನಲ್ಲಿ ನಿಂತವನು ಸರದಿ ಬಂದಾಗ ಕೈ ಚಾಚಿದೆ. ಚೀಟಿಯನ್ನು ನೋಡುತ್ತಿದ್ದ ಅಧಿಕಾರಿಯ ದೃಷ್ಟಿ ನನ್ನ ಎಡಗೈಯ ತೋರುಬೆರಳಿನ ಮೇಲೆ ನೆಟ್ಟಿತು. ಉಗುರಿನ ಸಂದಿನಿಂದ ಮೊದಲ ಗೆಣ್ಣಿನವರೆಗೆ ಕಾಡುದ್ರಾಕ್ಷಿ ಹರಡಿತ್ತು. "ಇವರದು ಆಗಲೇ ಆಗಿದೆ!" ಎಂದು ಒಂದು ಪಕ್ಷದ ಏಜೆಂಟರು ಎದ್ದು ನಿಂತರು; ಅವರು ಎದ್ದದ್ದನ್ನು ಕಂಡು, ವಿಷಯವೇನೆಂದು ತಿಳಿಯುವುದಕ್ಕೆ ಮೊದಲೇ, ಎದುರು ಪಕ್ಷದ ಏಜೆಂಟರು ನನ್ನ ಪರವಾಗಿ ವಾದಿಸತೊಡಗಿದರು.

ಆಗ ನನಗೆ ಹೊಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ, ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ 1962ರ ಮಹಾಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಸರಬರಾಜಾಗುತ್ತಿರುವ ಮಸಿಯೂ ಹಚ್ಚಿದ ಘಳಿಗೆಯಲ್ಲಿ ನೇರಳೆಯೇ ಅಲ್ಲವೆ? ಅದರೊಳಗಿನ ಸಿಲ್ವರ್ ನೈಟ್ರೇಟು ಚರ್ಮವನ್ನು ಹಿಡಿದು, ಬೆಳಕು ತಾಗಿದಂತೆ ಕಪ್ಪಿಗೆ ತಿರುಗಿ, ಉಗುರು ಬೆಳೆದು ಹೋಗುವವರೆಗೂ ಅಳಿಯದೆ ಉಳಿಯುತ್ತದೆ. ಚಕ್ರವರ್ತಿಯಿಂದ ಪರ್ಕಿನ್ ಬಿಡಿಸಿಕೊಟ್ಟ ಬಣ್ಣವನ್ನು ಪ್ರಜಾಪ್ರಭುತ್ವವು ನನಗೆ ತಿಳಿಯದಂತೆ ತನ್ನ ಖಾತೆಗೆ ಸೇರಿಸಿಕೊಂಡು, ಅನುಭವಿಸುತ್ತಲೂ ಇತ್ತು.

ಇಂಕು ಪೆನ್ನಿನದೆಂದು ನಾನು ಪ್ರಮಾಣ ಮಾಡಿದ್ದು ಸಾಲದೆ, ಜೇಬಿನಿಂದ ಪೆನ್ನನ್ನು ತೆಗೆದು ತೋರಿಸಿದ್ದೂ ಸಾಲದೆ, ಇಬ್ಬರು ಏಜೆಂಟರ ಸಮಕ್ಷಮದಲ್ಲಿ ಶಾಲೆಯ ಕುಡಿಯುವ ನೀರಿನ ನಲ್ಲಿಯ ಕೆಳಗೆ ಬೆರಳನ್ನು ಹಿಡಿದು ಸೋಪು ಹಚ್ಚಿ ತಿಕ್ಕಬೇಕೆಂದು ತೀರ್ಮಾನವಾಯಿತು. ನನ್ನ ಜುಬ್ಬದ ಜೇಬಿನಿಂದ ಯಾವ ಸೋಪಿಗೂ ಬಿಡದ ಆ ಬಣ್ಣ, ಅಂದು ಮಾತ್ರ ವಿಧೇಯವಾಗಿ ಕರಗಿ, ಸಿಮೆಂಟಿನ ತೊಟ್ಟಿಯಲ್ಲಿ ಗುಲಾಬಿಯಾಗಿ ಹರಿದುಹೋಯಿತು. ನಾನು ಒಳಕ್ಕೆ ಬಂದು, ಪುಸ್ತಕದಲ್ಲಿ ರುಜು ಹಾಕಲೆಂದು ಪೆನ್ನಿನ ಮುಚ್ಚಳವನ್ನು ಬಿಚ್ಚುವಷ್ಟರಲ್ಲಿ ಅಧಿಕಾರಿಯು ಗಾಬರಿಯಿಂದ, ದಾರದಲ್ಲಿ ಕಟ್ಟಿಹಾಕಿದ್ದ ಬಾಲ್‌ಪೆನ್ನನ್ನು ಮುಂದಕ್ಕೆ ತಳ್ಳಿದರು. ಮಸಿ ಹಚ್ಚುವ ಕೆಲಸದ ಹೆಣ್ಣುಮಗಳು ನನ್ನ ತೊಳೆದ ಉಗುರಿನ ಮೇಲೆ ನೆಟ್ಟಗೆ ಒಂದು ಗೆರೆಯನ್ನೆಳೆಯುತ್ತ, "ನಿಮ್ಮ ಸೀಸೆಗೆ ಎಷ್ಟು ಕೊಟ್ಟಿರಿ ಸಾರ್?" ಎಂದು ಕೇಳಿದಳು. ಹೇಳಿದೆ.

"ನಮ್ಮದು ಬಿಟ್ಟಿ, ಸಾರ್. ತಿಕ್ಕಿದರೂ ಹೋಗೋದಿಲ್ಲ."