ಮಣಿಕಟ್ಟಿನ ನಾಡಿಪಂಡಿತ

ಸ್ಮಾರ್ಟ್‌ವಾಚ್ ಕಟ್ಟಿದ ಮೇಲೆ ನಮ್ಮ ಭಾವ ಲಾಲ್‌ಬಾಗಿನಲ್ಲಿ ನಡೆಯುವುದಕ್ಕಿಂತ ನಿಂತು ಮಣಿಕಟ್ಟು ನೋಡುವುದೇ ಹೆಚ್ಚು. ‘ಅಯ್ಯೋ, ಎದೆಬಡಿತ 98!’ ಎಂದು ಗಾಬರಿ. ಆ ಗಾಬರಿಗೇ ಅದು 110. ಅಕ್ಕನಿಗೋ ಇದೊಂದು ಸುಳ್ಳು ಹಿಡಿಯುವ ಯಂತ್ರ. ‘ರೀ, ಊರಿಗೆ ದುಡ್ಡು ಕಳಿಸಿದಿರಾ?’ ಎಂದು ಕೇಳಿ, ಮುಖ ಬಿಟ್ಟು ವಾಚನ್ನೇ ನೋಡುತ್ತಾಳೆ.

ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಮರಳುವ ಬೆಳಕಿನ ಏರಿಳಿತವೇ ಎದೆಬಡಿತದ ಲೆಕ್ಕ. ಪಟ್ಟಿ ಸಡಿಲವಾದರೆ, ಚರ್ಮದ ಮೇಲೆ ಹಚ್ಚೆಯಿದ್ದರೆ ಲೆಕ್ಕ ಎಡವಟ್ಟಾಗುವುದುಂಟು. (ಪ್ರೀತಿಸಿದವಳ ಹೆಸರು ಹಚ್ಚೆ ಹಾಕಿಸಿಕೊಂಡವರ ಎದೆಬಡಿತ ಮೊದಲೇ ಎಡವಟ್ಟು, ಬಿಡಿ.)

ಸುಮ್ಮನೆ ಕೂತ ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ವಾಚು ನೋಡಿಕೊಳ್ಳಿ, ತಪ್ಪಿಲ್ಲ. ಎದೆನೋವು ಬಂದರೆ ಮಾತ್ರ ವಾಚನ್ನು ಕೇಳುತ್ತ ಕೂರದೆ ಆಸ್ಪತ್ರೆಗೆ ಹೊರಡಿ.