ಎಲ್ಲಾ ಡೂಪು ಕಣ್ರೀ!

"ಅದೆಲ್ಲಾ ಬರೀ ಡೂಪು ಕಣ್ರೀ!" ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಯಜಮಾನರು ತೀರ್ಪು ಕೊಟ್ಟೇಬಿಟ್ಟರು. ಮೊಮ್ಮಗ ಟೀವಿ ಮುಂದಿಂದ ಏಳೋದೇ ಇಲ್ಲವಂತೆ, ಹಗಲೂರಾತ್ರಿ ಡಬ್ಲ್ಯೂಡಬ್ಲ್ಯೂಇ ಕುಸ್ತಿ. "ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ. ಅದನ್ನ ನೋಡೋದೇನು ಬಂತು?"

ಅಲ್ಲ ಸ್ವಾಮಿ, ತುಮಕೂರಿಗೆ ಬಂದು ಮನೆ ಕಟ್ಟಿದ್ದರೂ ನೀವು ಗುಬ್ಬಿಯವರು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು. ಆ ಕಂಪನಿಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರಲ್ಲ, "ಭೀಮ ಗೆಲ್ಲೋದು ಗೊತ್ತಿರೋದೇ" ಅಂತ ಯಾರಾದರೂ ಟಿಕೆಟ್ ದುಡ್ಡು ವಾಪಸ್ ಕೇಳಿದ್ದುಂಟೇ?

ಇವತ್ತಿಗೂ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ಆಡ್ತಾರೆ. ಕೈಯಿಂದ ದುಡ್ಡು ಹಾಕಿ ಪಾರ್ಟು ಹಿಡಿದ ದುರ್ಯೋಧನ, ಕಂದ ಎತ್ತೋ ಮುಂಚೆ ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದು ಓರೆನೋಟ ಹಾಕಿ ಮೀಸೆ ತಿರುವ್ತಾನೆ. ನಡುವೆ ಭಾವಮೈದ ನೋಟಿನ ಹಾರ ಹಿಡಿದು ಬಂದರೆ ಯುದ್ಧಕ್ಕೇ ವಿರಾಮ. ಆಮೇಲೆ ಬೆಳಗಿನ ಜಾವ ತೊಡೆಗೆ ಗದೆ ಬಿದ್ದಾಗ ಚಾಪೆ ಮೇಲಿನ ಅಜ್ಜಿಯರು ಲೊಚಗುಟ್ಟುತ್ತಾರೆ. ಅದೇನು ಡೂಪೇ?

"ಅದು ನಾಟಕ ಅಂತ ಹೇಳಿಯೇ ಆಡೋದು. ಇವರು ಕುಸ್ತಿ ಅಂತಾರಲ್ಲ!"

ಅದನ್ನೂ ಒಪ್ಪಿಕೊಂಡಾಗಿದೆ. 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ಸೆನೆಟ್ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ ಆ ಕುಸ್ತಿ ಕಂಪನಿಯವರೇ ಹೇಳಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ ಬಿಡಿ, ಕ್ರೀಡೆ ಅಂದರೆ ಕಟ್ಟಬೇಕಾದ ತೆರಿಗೆ, ಲೈಸೆನ್ಸಿನ ಕಾಟ ತಪ್ಪಲಿ ಅಂತ! ಹಾಗಂತ ಏಟೆಲ್ಲ ಸುಳ್ಳಲ್ಲ. 1998ರಲ್ಲಿ ಅಂಡರ್‌ಟೇಕರ್ ಅನ್ನೋ ಪೈಲ್ವಾನ ಪಂಜರದ ಮೇಲಿಂದ ಎತ್ತಿ ಎಸೆದ ಎದುರಾಳಿ ಮ್ಯಾನ್‌ಕೈಂಡ್‌ಗೆ ಆ ಪಂದ್ಯ ಮುಗಿಯುವಷ್ಟರಲ್ಲಿ ಹಲ್ಲೇ ಮುರಿದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತ್ತು. ಸೋಲೋದು ಮಾತಾಡಿಕೊಂಡಿದ್ದೇ, ಹಲ್ಲಿನ ಮಾತು ಯಾರೂ ಆಡಿರಲಿಲ್ಲ.

ಗೆಲುವೇ ಎಲ್ಲಾ ಅಲ್ಲ ಅನ್ನೋದಕ್ಕೆ ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗ ನೋಡಿ. ವಿಜಯದಶಮಿ ದಿನ ತಲೆ ಬೋಳಿಸಿಕೊಂಡ ಜೆಟ್ಟಿಗಳು ಅರಮನೆಯಲ್ಲಿ ಸೆಣಸ್ತಾರೆ, ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗೀತು. ಗೆದ್ದವರಾರು ಅಂತ ಯಾರೂ ತಲೆ ಕೆಡಿಸಿಕೊಳ್ಳೋಲ್ಲ, ಜಂಬೂಸವಾರಿ ನೋಡೋಕೆ ಓಡ್ತಾರೆ.

ಡೂಪು ಅಂತ ಬೈಯಲೇಬೇಕೆಂದರೆ 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕ್ರಿಕೆಟ್ ನೆನಪಿಸಿಕೊಳ್ಳಿ. ಬ್ಯಾಟು, ಬಾಲು, ಅಂಪೈರು ಎಲ್ಲಾ ಅಸಲಿ. ಆದರೂ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರು ಪೊಲೀಸರು ಆಟಗಾರರನ್ನೇ ಹಿಡಿದರು. ಅಲ್ಲಿ ನೋಡೋನ ಕಣ್ಣಿಗೆ ಮಣ್ಣೆರಚೋ ಮಾತು. ಕುಸ್ತಿಯಲ್ಲಿ ನೋಡೋನೂ ಆಟದಲ್ಲಿ ಒಬ್ಬ ಪಾಲುದಾರ.

ಯಜಮಾನರು ಒಪ್ಪಿದರೋ ಬಿಟ್ಟರೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಅಂದ ಹಾಗೆ, ಈಗ ದುರ್ಯೋಧನನ ಪಾರ್ಟಿಗೆ ಎಷ್ಟು ಕೇಳ್ತಾರಂತೆ?"