ಮೂರು ಬೀಜ, ಹದಿನೇಳು ಕಾಯಿ

ಅಮ್ಮ ಆರು ತಿಂಗಳಿಗೆಂದು ನ್ಯೂಜೆರ್ಸಿಗೆ ಬಂದಿಳಿದ ಮೂರನೇ ದಿನ. ಎಡಿಸನ್ನಿನ ಓಕ್ ಟ್ರೀ ರೋಡಿನಿಂದ ತಂದಿದ್ದ ಒಂದು ಹೋಳು ಸಿಹಿಗುಂಬಳ ಹುಳಿಗೆ ಹೋಗಿತ್ತು. ತಿರುಳನ್ನು ಕಸದ ಬುಟ್ಟಿಗೆ ಹಾಕಹೊರಟ ನನ್ನ ಕೈ ಹಿಡಿದು, "ಚೀನಿಕಾಯಿ ಬೀಜ ಯಾರಾದ್ರೂ ಎಸೀತಾರೇನೋ?" ಎಂದರು. ಮೂರು ಬೀಜ ಹಿತ್ತಲಿಗೆ ಹೋದವು, ಉಳಿದವು ಬಾಣಲೆಗೆ. ಆ ಮೂರನ್ನೂ ಹುರಿದು ತಿಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಮ್ಮ ಸಾಗರದ ಕಡೆಯವರು, ಅವರಿಗೆ ಅದು ಚೀನಿಕಾಯಿ. ಹೆಂಡತಿ ಧಾರವಾಡದವಳು, ಅವಳಿಗೆ ಬರೀ ಕುಂಬಳಕಾಯಿ. ಮಗಳಿಗೆ ಪಂಪ್ಕಿನ್. ಈ ಕಾಯಿಗೂ ಚೀನಾಕ್ಕೂ ಸಂಬಂಧವಿಲ್ಲ, ಇದರ ಮೂಲವೇ ಅಮೆರಿಕ ಖಂಡ ಎಂದು ನನ್ನ ಪಾಂಡಿತ್ಯ ಪ್ರದರ್ಶಿಸಿದೆ. ಅಮ್ಮ ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಹೆರಿಗೆಗೆ ತವರಿಗೆ ಬಂದ ಹಾಗಾಯ್ತು, ಚೆನ್ನಾಗೇ ಹೆರುತ್ತೆ" ಎಂದರು.

ಹೆತ್ತಿತು. ಹುರುಳಿಕಾಯಿ ಗಿಡವನ್ನು ಬುಡಸಮೇತ ಮೇಯ್ದ ಜಿಂಕೆಗಳು ಈ ಮುಳ್ಳುಮುಳ್ಳು ಎಲೆಗೆ ಬಾಯಿ ಹಾಕದೆ ಹೋದವು. ಮೊದಲು ಬಂದದ್ದೆಲ್ಲ ಗಂಡು ಹೂ. ಹೆಂಡತಿ ಬಜ್ಜಿ ಕರಿದಳು. ರುಚಿ ಹತ್ತಿದ ನಾನು ಮರುವಾರ ಉತ್ಸಾಹದಿಂದ ಬುಟ್ಟಿ ತುಂಬಾ ಕಿತ್ತು ತಂದರೆ, ಅದರಲ್ಲಿ ಐದು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ! ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನದಿಂದ ಬೆಳಗಿನ ಆರೂವರೆಗೆ ತಾವೇ ಹಿತ್ತಲಿಗಿಳಿದು, ಗಂಡು ಹೂವಿನ ದಳ ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿಗೆ ಒರೆಸತೊಡಗಿದರು. ಜೇನ್ನೊಣಗಳ ಮೇಲೆ ಅವರಿಗೆ ಭರವಸೆ ಇರಲಿಲ್ಲ. ನನ್ನ ಮೇಲಂತೂ ಇಲ್ಲವೇ ಇಲ್ಲ.

ಸೆಪ್ಟೆಂಬರ್ ಕೊನೆಗೆ ಎಣಿಸಿದರೆ ಹದಿನೇಳು ಕಾಯಿ.

ಇಡೀ ಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಹೆಂಗಸರು ಒಡೆಯಬಾರದು ಎಂಬ ನಂಬಿಕೆ ನಮ್ಮಲ್ಲಿ ಉಂಟಲ್ಲ? ಸಮಾನತೆಯ ಬಗ್ಗೆ ನನಗೆ ಗಂಟೆಗಟ್ಟಲೆ ಪಾಠ ಹೇಳುವ ಧಾರವಾಡದ ಹೆಣ್ಣುಮಗಳು ಅಂದು ಮಾತ್ರ ಶಾಸ್ತ್ರಕ್ಕೆ ತಲೆಬಾಗಿ, "ನೀವೇ ಒಡೀರಿ" ಎಂದು ಚಾಕು ಕೈಗಿತ್ತಳು. ಚಾಕು ಅರ್ಧ ಇಳಿದು ಸಿಕ್ಕಿಕೊಂಡಿತು. ಕಾಯಿ ಸಮೇತ ಎತ್ತಿ ಕುಟ್ಟಿದೆ. ಹಿಡಿ ಕೈಗೆ ಬಂತು, ಅಲಗು ಒಳಗೇ ಉಳಿಯಿತು. ಊರಿನ ಮೆಟ್ಟುಗತ್ತಿ ನೆನೆದು ಅಮ್ಮ ನಿಟ್ಟುಸಿರಿಟ್ಟರು. ಕಡೆಗೆ ಗ್ಯಾರೇಜಿನ ಕೊಡಲಿ ತಂದು ಮನೆ ಮುಂದಿನ ಕಾಂಕ್ರೀಟಿನ ಮೇಲೆ ಒಡೆದೆ. ನಾಯಿ ಅಡ್ಡಾಡಿಸುತ್ತಿದ್ದ ಎದುರುಮನೆಯಾಕೆ ರಸ್ತೆಯ ಆಚೆ ಬದಿಗೆ ಸರಿದುಹೋದರು.

ಅಲ್ಲಿಂದ ಶುರುವಾಯಿತು ನೋಡಿ. ಸೋಮವಾರ ಹುಳಿ, ಮಂಗಳವಾರ ಪಲ್ಯ, ಬುಧವಾರ ಸಾಸಿವೆ. ಸಿಪ್ಪೆಯ ಚಟ್ನಿ, ತಿರುಳಿನ ಗೊಜ್ಜು, ಕುಡಿಯ ತಂಬುಳಿ. ಅಂಗಡಿಯ ಫ್ರೀಜರಿನಿಂದ ತಂದ ಬಾಳೆಎಲೆಯಲ್ಲಿ ಅಮ್ಮನ ಕಡುಬು: ಅಕ್ಕಿತರಿ, ತುರಿದ ಕಾಯಿ, ಬೆಲ್ಲ, ತೆಂಗಿನತುರಿ. ಪೈಪೋಟಿಗೆ ಸೊಸೆಯ ಗಾರಿಗೆ. ಬೆಲ್ಲದಲ್ಲಿ ಬೇಯಿಸಿದ ತುರಿಗೆ ಗೋದಿಹಿಟ್ಟು, ಏಲಕ್ಕಿ ಹಾಕಿ ಕಲಸಿ, ಗಸಗಸೆ ಒತ್ತಿ, ತಟ್ಟಿ ಕರಿದದ್ದು. ಯಾವುದು ಹೆಚ್ಚು ರುಚಿ ಎಂದು ಇಬ್ಬರೂ ಕೇಳಿದರು. ಇಪ್ಪತ್ತು ವರ್ಷದ ಸಂಸಾರದ ಅನುಭವವಿದ್ದ ನಾನು ಬಾಯಿ ತುಂಬಾ ಎರಡನ್ನೂ ತುರುಕಿಕೊಂಡೆ. ಕ್ಯಾರೊಟಿನ್ ಅತಿಯಾದರೆ ಅಂಗೈ ಹಳದಿಯಾಗುತ್ತದೆಂದು ಶಾಲೆಯಲ್ಲಿ ಕಲಿತ ಮಗಳು ದಿನಾ ರಾತ್ರಿ ನಮ್ಮ ಕೈ ಹಿಡಿದು ಪರೀಕ್ಷಿಸತೊಡಗಿದಳು, ಹಸ್ತಸಾಮುದ್ರಿಕದವರ ಹಾಗೆ.

ಅಕ್ಟೋಬರ್ ಬಂತು. ಬೀದಿಯ ಮನೆಮನೆಯ ಮೆಟ್ಟಿಲ ಮೇಲೂ ಕಣ್ಣು, ಹಲ್ಲು ಕೊರೆದ ಕಾಯಿಗಳು. ಹೊಸಮನೆಗೆ ರಾಕ್ಷಸನ ಮುಖ ಬರೆದ ಬೂದುಗುಂಬಳ ಕಟ್ಟುವುದನ್ನು ಕಂಡಿದ್ದ ಅಮ್ಮನಿಗೆ ಕನಿಕರ ಉಕ್ಕಿತು: "ಪಾಪ, ಇಷ್ಟು ಜನಕ್ಕೂ ದೃಷ್ಟಿಯಾಗಿದೆಯಾ?" ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದವರು ಇಲ್ಲಿಗೆ ಬಂದು ಇದಕ್ಕೆ ಕೈಹಾಕಿದರು ಎಂದೆ. ಕೊರೆಯಲೆಂದೇ ಬೆಳೆಸುವ ಆ ಕಾಯಿ ಬರೀ ನೀರುನೀರು, ನಾರುನಾರು, ಅಡುಗೆಗೆ ಸಪ್ಪೆ ಎಂದಾಗ ಮಾತ್ರ ಅವರಿಗೆ ಸಮಾಧಾನ. ಎಸೆಯುವ ಕಾಯಿ ಕೇಳಿ ತರಲು ಚೀಲ ಹಿಡಿದು ನಿಂತಿದ್ದರು!

ಹಂಚೋಣವೆಂದರೆ ಯಾರಿಗೆ? ಕನ್ನಡ ಕೂಟದ ಗೆಳೆಯರ ಮನೆಗಳಿಗೂ ಮೇ ತಿಂಗಳಲ್ಲೇ ಅಮ್ಮಂದಿರು ಬಂದಿದ್ದರು. ಒಂದು ಕಾಯಿ ಕೊಡಲು ಹೋದವನು ಎರಡು ಹೊತ್ತು ಬಂದೆ.

ಹೀಗಾಗಿ ಒಂದು ರಾತ್ರಿ ಹನ್ನೊಂದಕ್ಕೆ, ಎಲ್ಲಕ್ಕಿಂತ ದೊಡ್ಡದನ್ನು ಹೆಗಲಿಗೇರಿಸಿ, ಎದುರುಮನೆಯ ಮೆಟ್ಟಿಲ ಮೇಲಿಟ್ಟು ಓಡಿಬಂದೆ. ಬೆಳಗ್ಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಕರೆಗಂಟೆಯ ಕ್ಯಾಮೆರಾದ ವಿಡಿಯೊ: "ಈ ಮನುಷ್ಯ ಯಾರು?" ಮುಖ ಮಸುಕು. ನಾನು ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಅಮ್ಮ, ಹೆಂಡತಿ ಇಬ್ಬರೂ ನನ್ನನ್ನೇ ನೋಡಿ ನಗುತ್ತಿದ್ದರು. ನನ್ನ ಕೈ ಆಗಲೇ ಹೆಗಲ ಮೇಲಿತ್ತು.

ಎರಡು ದಿನ ಬಿಟ್ಟು ಎದುರುಮನೆಯಾಕೆ ಬಾಗಿಲು ತಟ್ಟಿದರು. ಕೊಡಲಿಯವನನ್ನು ಅವರು ನಡಿಗೆಯಲ್ಲೇ ಗುರುತಿಸಿದ್ದರಂತೆ. ಕೈಯಲ್ಲಿ ಅದೇ ಕಾಯಿಯಿಂದ ಮಾಡಿದ ಬಿಸಿಬಿಸಿ ಪೈ. ಅಮ್ಮ ಒಂದು ಚಮಚ ಬಾಯಿಗಿಟ್ಟು, ಕಣ್ಣುಮುಚ್ಚಿ ಚಪ್ಪರಿಸಿ, ನನ್ನ ಕಡೆ ತಿರುಗಿದರು.

"ಕಡುಬು ಪರವಾಗಿಲ್ಲ. ಬೆಲ್ಲ ಒಂದಚ್ಚು ಕಡಿಮೆಯಾಯ್ತು ಅಂತ ಇಂಗ್ಲಿಷಲ್ಲಿ ಹೇಳು."